ಚೆದುರುವ ಗುಂಡಿನ ಕಾರಣ

1898ರಲ್ಲಿ ಜರ್ಮನ್ ಸೇನೆ ಅಳವಡಿಸಿಕೊಂಡ ಮೌಸರ್ ಬೋಲ್ಟ್ ವಿನ್ಯಾಸ ಇಂದಿಗೂ ಅನೇಕ ಬೇಟೆ ರೈಫಲ್‌ಗಳಿಗೆ ತಾಯಿಬೇರು. ಅಷ್ಟು ಗಟ್ಟಿಯಾದ ಉಕ್ಕಿನ ರಚನೆಯಿದ್ದೂ ಗುಂಡುಗಳು ಚೆದುರಿದರೆ, ಮೊದಲು ನೋಡಬೇಕಾದದ್ದು ದೂರದರ್ಶಕದ ಹಿಡಿಕೆಗಳನ್ನೂ ಹಿಡಿಮರದ ತಿರುಪುಗಳನ್ನೂ. ಸಡಿಲಗೊಂಡ ಒಂದೇ ತಿರುಪು ಸಾಕು, ಗುರಿ ಕೆಡಲು.

ಆಮೇಲಿನ ಸರದಿ ಹಿಡಿಮರದ್ದು. ಆಕ್ರೋಟಿನ ಮರ ತೇವ ಹೀರಿ ಉಬ್ಬುತ್ತದೆ, ಬಾಗುತ್ತದೆ, ನಳಿಕೆಯನ್ನು ಒಂದು ಬದಿಗೆ ಒತ್ತುತ್ತದೆ. ಖಾಲಿ ಮಾಡಿದ ರೈಫಲ್‌ನ ನಳಿಕೆಗೂ ಮರಕ್ಕೂ ನಡುವೆ ಕಾಗದದ ಪಟ್ಟಿ ಎಳೆದರೆ ಅದು ತಡೆಯುವ ಜಾಗ ತಿಳಿಯುತ್ತದೆ. ಆದರೂ ಮರವನ್ನು ಉಜ್ಜಿ ಸವೆಸಲು ಅವಸರಪಡಬಾರದು: ಕೆಲವು ತಯಾರಕರು ಮುಂತುದಿಯಲ್ಲಿ ಬೇಕೆಂದೇ ಒತ್ತಡ ಉಳಿಸಿರುತ್ತಾರೆ. ಬೋಲ್ಟ್ ಇರುವ ಉಕ್ಕಿನ ಭಾಗ, ಅಂದರೆ ರಿಸೀವರ್, ಕೂರುವ ಗುಳಿಗೆ ಎಪಾಕ್ಸಿ ಎರೆದು, ಉಕ್ಕು ಎಲ್ಲಿಯೂ ತಿರುಚದೆ ನೆಮ್ಮದಿಯಾಗಿ ಕೂರುವಂತೆ ಮಾಡುವ ಬೆಡ್ಡಿಂಗ್ ಈ ಕಸುಬಿನ ಅತ್ಯಂತ ಸೊಗಸಾದ ಕೆಲಸ. ಬಂದೂಕು ಕಮ್ಮಾರನ ತಾಳ್ಮೆ ಕಾಣುವುದು ಇಲ್ಲಿಯೇ.

ಮುಂದಿನ ಸರದಿ ನಳಿಕೆಯದು: ಒಳಗೆ ಕಟ್ಟಿದ ತಾಮ್ರದ ಪದರವನ್ನು ದ್ರಾವಕ ತೆಗೆಯುತ್ತದೆ. ನಳಿಕೆಯ ಬಾಯಂಚು ತುಸು ಜಖಂ ಆಗಿದ್ದರೂ ಹೊರಬೀಳುವ ಅನಿಲ ಗುಂಡನ್ನು ಓರೆಯಾಗಿ ತಳ್ಳುತ್ತದೆ, ಆ ಅಂಚನ್ನು ಮರುಕಡೆಯಬೇಕು. ಗುಂಡಿನ ತೂಕ, ತೋಟಾದ ತಯಾರಿಕೆಗಳನ್ನೂ ಬದಲಿಸಿ ನೋಡಬೇಕು. ಒಮ್ಮೆಗೆ ಒಂದನ್ನೇ ಬದಲಿಸಿದರೆ ಮಾತ್ರ ನಿಜವಾದ ಕಾರಣ ಗೊತ್ತಾಗುತ್ತದೆ.