ಹೊರಗೆ ಇಂಗ್ಲಿಷ್, ಒಳಗೆ ವಚನ

ಭಾಲ್ಕಿಯ ಮನೆಯಲ್ಲಿ ಅವ್ವನದೊಂದು ಹಾಡಿನ ಡಬ್ಬಿ ಇದೆ. ಪೆನ್‌ಡ್ರೈವ್ ಚುಚ್ಚಿದರೆ ವಚನ, ಭಜನೆ, ಪ್ರವಚನ ಎಲ್ಲ ಹಾಡುತ್ತದೆ. ‘ಹೊಸಾವು ಹಾಕಿ ಕೊಡಪಾ’ ಎಂದು ಅವ್ವ ಪೆನ್‌ಡ್ರೈವ್ ಕೈಗಿಟ್ಟರೆ ಅದು ಬೀದರಿನ ನನ್ನ ಲಿನಕ್ಸ್ ಕಂಪ್ಯೂಟರಿಗೆ ಬರುತ್ತದೆ.

ಲಿನಕ್ಸಿನಲ್ಲಿ ಹಾಡು ತುಂಬುವುದು ತಲೆನೋವು ಎಂಬ ದೂರು ಈಗ ಹಳತು. ಚುಚ್ಚಿದ ಕೂಡಲೇ ಫೋಲ್ಡರ್ ತೆರೆಯುತ್ತದೆ, ಎಳೆದು ಹಾಕಿದರಾಯಿತು. 64 ಜಿಬಿ ಮೆಮೊರಿ ಕಾರ್ಡನ್ನು ಹಳೆಯ ಡಬ್ಬಿ ಒಪ್ಪದಿದ್ದರೆ ಅದನ್ನು ಫ್ಯಾಟ್32 ಎಂಬ ಹಳೆಯ ಕಡತ ವ್ಯವಸ್ಥೆಗೆ ತಿರುಗಿಸುವುದು ಒಂದೇ ಸಾಲಿನ ಕೆಲಸ. ವಿಂಡೋಸಿನ ಫಾರ್ಮ್ಯಾಟ್ ಕಿಟಕಿ 32 ಜಿಬಿ ದಾಟಿದ್ದಕ್ಕೆ ಬಹುಕಾಲ ಆ ಆಯ್ಕೆಯನ್ನು ಕೊಡುತ್ತಲೇ ಇರಲಿಲ್ಲ.

ನನ್ನ ತಕರಾರು ಇರುವುದು ನಕಲು ಎಷ್ಟಾಯಿತೆಂದು ತೋರಿಸುವ ಪಟ್ಟಿಯ ಮೇಲೆ. ಲಿನಕ್ಸ್ ಕಡತಗಳನ್ನು ಮೊದಲು ಮೆಮೊರಿಯಲ್ಲಿ ಹಿಡಿದಿಟ್ಟು, ಆಮೇಲೆ ನಿಧಾನವಾಗಿ ಪೆನ್‌ಡ್ರೈವಿಗೆ ಇಳಿಸುತ್ತದೆ. ಪಟ್ಟಿ ಪೂರ್ತಿ ತುಂಬಿದ ಮೇಲೂ ಬರೆಯುವುದು ಬಾಕಿ ಇರಬಹುದು. ಭಾಲ್ಕಿ ಬಸ್ಸಿನ ಗಡಿಬಿಡಿಯಲ್ಲಿ ಒಮ್ಮೆ ಹಾಗೇ ಕಿತ್ತೆ. ಊರಲ್ಲಿ ಪ್ರವಚನ ಅರ್ಧಕ್ಕೇ ಗಪ್ಪಾಯಿತು.

ಇನ್ನೊಂದು, ಹಾಡಿನ ಸರದಿ. ಅಗ್ಗದ ಡಬ್ಬಿಗಳು ಹೆಸರು ನೋಡಿ ಹಾಡುವುದಿಲ್ಲ, ಕಾರ್ಡಿನ ಪಟ್ಟಿಯಲ್ಲಿ ಯಾವುದು ಮೊದಲು ಕೂತಿದೆಯೋ ಅದನ್ನೇ ಮೊದಲು ಹಾಡುತ್ತವೆ. ಫೋಲ್ಡರನ್ನೇ ಎತ್ತಿ ಹಾಕಿದರೆ ಪ್ರವಚನದ ಮೂರನೆಯ ಕಂತು ಮುಗಿದು ಮೊದಲನೆಯದು ಶುರುವಾಗಬಹುದು. ಇದಕ್ಕೆ ಫ್ಯಾಟ್‌ಸಾರ್ಟ್ ಎಂಬ ಪುಟ್ಟ ತಂತ್ರಾಂಶವಿದೆ. ಪೆನ್‌ಡ್ರೈವನ್ನು ಅನ್‌ಮೌಂಟ್ ಮಾಡಿ ಓಡಿಸಿದರೆ ಆ ಪಟ್ಟಿಯನ್ನೇ ಹೆಸರಿನ ಪ್ರಕಾರ ಜೋಡಿಸುತ್ತದೆ. ದೊಡ್ಡ ದೊಡ್ಡ ಸಂಗೀತ ತಂತ್ರಾಂಶಗಳಿಗಿಂತ ನನಗೆ ಇದೇ ಮೇಲು.

ಆದರೆ ಹೆಸರು ಯಾವ ಲಿಪಿಯಲ್ಲಿ? ನಮ್ಮ ಜಿಲ್ಲೆಯ ಕಾರ್ಡೆಂದರೆ ಸಂತೆ. ಔರಾದ್ ಕಡೆಯ ನೆಂಟರಿಗೆ ಮರಾಠಿ ಅಭಂಗ ಬೇಕು, ಬೀದರಿನ ಗೆಳೆಯನಿಗೆ ಕವ್ವಾಲಿ, ಅವ್ವನಿಗೆ ವಚನ. ಯುನಿಕೋಡ್ ಸಂಖ್ಯೆಯಂತೆ ಜೋಡಿಸಿದರೆ ಮೊದಲು ಇಂಗ್ಲಿಷ್, ಆಮೇಲೆ ಉರ್ದು, ದೇವನಾಗರಿ, ತೆಲುಗು, ಅದರ ಬೆನ್ನಿಗೆ ಕನ್ನಡ. ಲಿನಕ್ಸ್ ಇವೆಲ್ಲವನ್ನೂ ತಪ್ಪಿಲ್ಲದೆ ಬರೆಯುತ್ತದೆ. ಡಬ್ಬಿಯ ಪರದೆಗೆ ಮಾತ್ರ ಕನ್ನಡದ ಅಕ್ಷರವೂ ಇಲ್ಲ, ಒತ್ತಕ್ಷರ ಕೂಡಿಸುವ ಬುದ್ಧಿಯೂ ಇಲ್ಲ. ‘ಅಕ್ಕಮಹಾದೇವಿ’ ಎಂದು ಬರೆದರೆ ಸಾಲಾಗಿ ಖಾಲಿ ಚೌಕ. ಹಾಗಾಗಿ ಕಡತಕ್ಕೆ ಇಂಗ್ಲಿಷ್ ಅಕ್ಷರದ ಹೆಸರಿಟ್ಟು, ಕನ್ನಡದ ಹೆಸರನ್ನು ಒಳಗಿನ ಟ್ಯಾಗಿನಲ್ಲಿ ಬರೆಯುತ್ತೇನೆ.

ನಿಜಾಮರ ಕಾಲದಲ್ಲಿ ಭಾಲ್ಕಿ ಮಠದ ಚನ್ನಬಸವ ಪಟ್ಟದ್ದೇವರು ಶಾಲೆಯ ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದರು. ಅವರಿಗೆ ಎದುರಿದ್ದುದು ಕನ್ನಡ ಒಪ್ಪದ ಸರ್ಕಾರ. ನನಗೆ ಎದುರಿರುವುದು ಬರೀ ಒಂದು ಅಗ್ಗದ ಪರದೆ, ಅದಕ್ಕೂ ಹೀಗೆ ಸೋಲಬೇಕಲ್ಲ ಎಂದು ಪ್ರತಿ ಸಲವೂ ಸಿಟ್ಟು ಬರುತ್ತದೆ. ತಪ್ಪು ಲಿನಕ್ಸಿನದಲ್ಲ, ಡಬ್ಬಿ ಮಾಡುವವರದು. ಕೊಳ್ಳುವಾಗ ಕನ್ನಡದ ಹೆಸರಿನ ಒಂದು ಕಡತ ಹಾಕಿಕೊಂಡು ಹೋಗಿ, ಅಂಗಡಿಯಲ್ಲೇ ಚುಚ್ಚಿ ನೋಡಿ. ಪೆನ್‌ಡ್ರೈವ್ ಕಂಪ್ಯೂಟರಿನಿಂದ ಕೀಳುವ ಮುಂಚೆ ಮಾತ್ರ ‘ಇಜೆಕ್ಟ್’ ಒತ್ತುವುದನ್ನು ಮರೆಯಬೇಡಿ.