ಹಳೆ ಪಿಕಪ್ಪಿಗೆ ಯಾವ ಹಿಂದಿನ ಆ್ಯಕ್ಸಲ್?

1953ರಿಂದ 56ರವರೆಗಿನ ಫೋರ್ಡ್ ಎಫ್-100 ಪಿಕಪ್‌ಗಳನ್ನು ಸಾಕುವ ಅಮೆರಿಕದ ಹವ್ಯಾಸಿಗಳಲ್ಲಿ ಎರಡು ಪಂಗಡಗಳಿವೆ. ಹಿಂದಿನ ಆ್ಯಕ್ಸಲ್ ಬದಲಿಸುವ ಮಾತು ಬಂತೆಂದರೆ ಒಂದು ಪಂಗಡ ‘ನೈನ್ ಇಂಚ್’ ಬಿಟ್ಟು ಬೇರೆ ಮಾತಾಡುವುದಿಲ್ಲ. ಇನ್ನೊಂದು ಪಂಗಡ ಗುಜರಿಯಲ್ಲಿ ಬಿದ್ದ ಫೋರ್ಡ್ ಎಕ್ಸ್‌ಪ್ಲೋರರ್‌ನಿಂದ 8.8 ಇಂಚಿನದನ್ನು ಬಿಚ್ಚಿಕೊಂಡು ಬರುತ್ತದೆ. (ಇವು ಕ್ರೌನ್ ವ್ಯಾಸದ ಲೆಕ್ಕ.) ನಾನು ಎರಡನೆಯವರ ಕಡೆ. ಆದರೆ ‘ಡಿಸ್ಕ್ ಬ್ರೇಕ್ ಪುಕ್ಕಟೆ ಸಿಗುತ್ತದೆ’ ಎಂಬ ಅವರ ಕಾರಣ ಮಾತ್ರ ನನಗೆ ಒಪ್ಪಿಗೆಯಿಲ್ಲ.

ಫೋರ್ಡ್ 1957ರಿಂದ 1986ರವರೆಗೆ ವಾಹನಗಳಿಗೆ ಹಾಕಿದ ನೈನ್ ಇಂಚ್ ಗಟ್ಟಿ ಸರಕು, ಅನುಮಾನವೇ ಇಲ್ಲ. ಪಿನಿಯನ್ನಿನ ಬಾಲಕ್ಕೂ ಬೇರಿಂಗ್ ಇದೆ, ಗೇರುಗಳ ಇಡೀ ಗಂಟು ಮುಂದಿನಿಂದ ಕಳಚಿ ಬರುತ್ತದೆ. ಆದರೆ ಪಿನಿಯನ್ ತೀರಾ ಕೆಳಗೆ ಕೂತಿರುವುದರಿಂದ ಹಲ್ಲುಗಳ ಉಜ್ಜಾಟ ಹೆಚ್ಚು, ಎಂಜಿನ್ನಿನ ಶಕ್ತಿ ಒಂದಿಷ್ಟು ಅಲ್ಲೇ ಸೋರುತ್ತದೆ. ಭಾನುವಾರ ಸುತ್ತಾಡುವ ಗಾಡಿಗೆ ಇದು ಚಟ್ನಿ ಅರೆಯಲು ಗಾಣ ಹೂಡಿದ ಹಾಗೆ.

ಎಕ್ಸ್‌ಪ್ಲೋರರ್‌ನದು ಹಬ್ಬಿನಿಂದ ಹಬ್ಬಿಗೆ ಸುಮಾರು ಅರವತ್ತು ಇಂಚು. ಎಫ್-100ರ ಮಡ್‌ಗಾರ್ಡಿನೊಳಗೆ ಸಲೀಸಾಗಿ ಕೂರುತ್ತದೆ. ಶಾಫ್ಟಿಗೆ 31 ಸ್ಪ್ಲೈನ್, ಮಸ್ಟಾಂಗ್‌ನ 8.8ರಲ್ಲಿ ಸಾಮಾನ್ಯವಾಗಿ 28 ಮಾತ್ರ. ಹಿಂದಿನ ಮುಚ್ಚಳದ ಬೋಲ್ಟಿಗೆ ಸಿಕ್ಕಿಸಿದ ತಗಡಿನ ಚೀಟಿ ಓದಿ: ‘3ಎಲ್73’ ಎಂದಿದ್ದರೆ 3.73 ರೇಷಿಯೋ, ಮೇಲೆ ಲಿಮಿಟೆಡ್ ಸ್ಲಿಪ್. ರೇಷಿಯೋ ವಿಷಯದಲ್ಲಿ ಲೆಕ್ಕ ಹಾಕದೆ ಕೊಳ್ಳಬೇಡಿ. 28 ಇಂಚಿನ ಟೈರು, ಗಂಟೆಗೆ 60 ಮೈಲಿ, ಟಾಪ್ ಗೇರ್ ನೇರ ಎಂದಿಟ್ಟುಕೊಂಡರೆ 4.10ರಲ್ಲಿ ಎಂಜಿನ್ ನಿಮಿಷಕ್ಕೆ ಸುಮಾರು 2,950 ಸುತ್ತು ಅರಚುತ್ತದೆ, 3.27ರಲ್ಲಿ 2,350ಕ್ಕೇ ಸುಮ್ಮನಾಗುತ್ತದೆ.

ಎಕ್ಸ್‌ಪ್ಲೋರರ್‌ನಲ್ಲಿ ಆ್ಯಕ್ಸಲ್ ಲೀಫ್ ಸ್ಪ್ರಿಂಗಿನ ಮೇಲೆ ಕೂತಿರುತ್ತದೆ, ಎಫ್-100ರಲ್ಲಿ ಕೆಳಗೆ. ಹಾಗಾಗಿ ಹಳೆ ಸ್ಪ್ರಿಂಗ್ ಪೀಠ ಕತ್ತರಿಸಿ ಹೊಸದು ಬೆಸೆಯಬೇಕು. ಗಾಡಿಯ ಭಾರ ಚಕ್ರದ ಮೇಲೆ ಬಂದು ಪಿನಿಯನ್ ಕೋನ ನೋಡುವ ತನಕ ಬರೀ ಚುಕ್ಕಿ ವೆಲ್ಡಿಂಗ್ ಸಾಕು. ಇನ್ನೊಂದು ಕಿರಿಕಿರಿ: ಎಫ್-100ರ ಐದು ಬೋಲ್ಟುಗಳ ವೃತ್ತ 5.5 ಇಂಚಿನದು, ಎಕ್ಸ್‌ಪ್ಲೋರರ್‌ನದು 4.5. ಮುಂದಿನ ಹಬ್ಬುಗಳನ್ನೂ ಬದಲಿಸದಿದ್ದರೆ ಸ್ಟೆಪ್ನಿ ಎರಡು ಹೊರಬೇಕು.

ಇನ್ನು ಬ್ರೇಕು. ಈ ಪಿಕಪ್ಪಿನ ಮಾಸ್ಟರ್ ಸಿಲಿಂಡರ್ ಇರುವುದು ಕಾಲಡಿಯ ಚಾಸಿಯಲ್ಲಿ, ಅದೂ ಒಂದೇ ಕೋಣೆಯದು. ಎಲ್ಲೋ ಒಂದು ಪೈಪು ಒಡೆದರೆ ನಾಲ್ಕೂ ಚಕ್ರದ ಬ್ರೇಕು ಒಟ್ಟಿಗೇ ಹೋಗುತ್ತದೆ. ಮೊದಲ ದುಡ್ಡು ಎರಡು ಕೋಣೆಯ ಸಿಲಿಂಡರಿಗೆ, ಎರಡನೆಯದು ಮುಂದಿನ ಡಿಸ್ಕಿಗೆ. ಸಿಲಿಂಡರ್ ಕ್ಯಾಲಿಪರ್‌ಗಿಂತ ಕೆಳಗಿರುವುದರಿಂದ ಆಯಿಲ್ ಹಿಂದಕ್ಕೆ ಇಳಿಯುತ್ತದೆ. ಅದನ್ನು ತಡೆಯಲು ಡಿಸ್ಕಿನ ಲೈನಿಗೆ ಚದರ ಇಂಚಿಗೆ 2 ಪೌಂಡಿನ ವಾಲ್ವು, ಡ್ರಮ್ಮಿನ ಲೈನಿಗೆ 10 ಪೌಂಡಿನದು. ಅದಲುಬದಲಾದರೆ ಡಿಸ್ಕು ಸದಾ ಹಿಡಿದುಕೊಂಡೇ ಕಾಯುತ್ತದೆ.

ಬ್ರೇಕು ಒತ್ತಿದಾಗ ಭಾರ ಮುಂದಕ್ಕೆ ವಾಲುತ್ತದೆ. ಖಾಲಿ ಪಿಕಪ್ಪಿನ ಹಿಂಬದಿ ಮೊದಲೇ ಹಗುರ, ಅಲ್ಲಿ ಬ್ರೇಕು ಜಾಸ್ತಿಯಾದರೆ ಚಕ್ರ ಲಾಕ್ ಆಗಿ ಬಾಲ ತಿರುಗುತ್ತದೆ. ಮುಂದೆ ಹಳೆ ಡ್ರಮ್ಮು, ಹಿಂದೆ ಹೊಳೆಯುವ ಡಿಸ್ಕು ಹಾಕುವುದು ಶುದ್ಧ ಷೋಕಿ. 1995ರಿಂದೀಚಿನ ಎಕ್ಸ್‌ಪ್ಲೋರರ್‌ಗಳಲ್ಲಿ ಹಿಂದೆ ಡಿಸ್ಕ್ ಇದೆ ನಿಜ. ಆದರೆ ಅದರ ಹ್ಯಾಂಡ್ ಬ್ರೇಕು ಡಿಸ್ಕಿನ ಹೊಟ್ಟೆಯೊಳಗಿನ ಪುಟ್ಟ ಲೈನರುಗಳ ಜೋಡಿ. 1995ಕ್ಕಿಂತ ಹಿಂದಿನ ಡ್ರಮ್ಮಿನ ಆ್ಯಕ್ಸಲ್ಲೇ ನನ್ನ ಆಯ್ಕೆ. ಡಿಸ್ಕನ್ನೇ ಹಾಕುವಿರಾದರೆ ಹಿಂದಿನ ಲೈನಿನಲ್ಲಿ ಒತ್ತಡ ಹೊಂದಿಸುವ ವಾಲ್ವು ಇರಲೇಬೇಕು.

(ನಮ್ಮಲ್ಲಿ ಇಂಥ ಆಟಕ್ಕೆ ಇಳಿಯುವ ಮುನ್ನ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಓದಿಕೊಳ್ಳಿ. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಬಿಗಿಯಾಗಿಯೇ ಅರ್ಥೈಸಿದೆ.)

ಗುಜರಿಯಲ್ಲಿ ದರ ಮಾತಾಡುವ ಮೊದಲು ಶಾಫ್ಟ್ ಎಳೆದು ನೋಡಿ. 8.8ರಲ್ಲಿ ಚಕ್ರದ ಬೇರಿಂಗಿನ ರೋಲರುಗಳು ಶಾಫ್ಟಿನ ಮೈಮೇಲೇ ಉರುಳುತ್ತವೆ. ಆ ಜಾಗದಲ್ಲಿ ಉಗುರಿಗೆ ಗೀರು ಸಿಕ್ಕಿದರೆ ಶಾಫ್ಟಿನ ಬೆಲೆಯನ್ನು ದರದಲ್ಲಿ ಕಳೆಯಿರಿ.