ಮಿತ್ರನಿಗೆ ಕೊಟ್ಟ ಮಾತು ಮತ್ತು ಸಮೀಕ್ಷೆ ಕೇಳದ ಪ್ರಶ್ನೆ

ಒಬ್ಬ ಸದಸ್ಯನ ಮೇಲಿನ ದಾಳಿ ಎಲ್ಲರ ಮೇಲಿನ ದಾಳಿ ಎಂಬುದು 1949ರ ನ್ಯಾಟೋ ಒಪ್ಪಂದದ ಐದನೆಯ ವಿಧಿ. ಈ ಮಾತನ್ನು ಉಳಿಸಿಕೊಳ್ಳಲು ಜನರು ಸಿದ್ಧರಿದ್ದಾರೆಯೇ? ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2019ರಲ್ಲಿ 16 ನ್ಯಾಟೋ ರಾಷ್ಟ್ರಗಳಲ್ಲಿ ಇದನ್ನು ಕೇಳಿ, 2020ರ ಫೆಬ್ರವರಿಯಲ್ಲಿ ವರದಿ ಪ್ರಕಟಿಸಿತು. ಮಧ್ಯಾಂಕದ ಲೆಕ್ಕದಲ್ಲಿ ಶೇ. 50 ಮಂದಿ ಮಿತ್ರನ ರಕ್ಷಣೆಗೆ ಸೇನೆ ಬಳಸುವುದು ಬೇಡ ಎಂದರು. ಬೇಕು ಎಂದವರು ಶೇ. 38. ಐದು ರಾಷ್ಟ್ರಗಳಲ್ಲಿ ಮಾತ್ರ ಬಹುಮತ ಬೇಕು ಎಂದಿತು.

ಇಟಲಿಯ ಅಂಕಿಗಳನ್ನು ನೋಡಿ. ನಮ್ಮ ದೇಶ ಹೋಗಬೇಕು ಎಂದವರು ಶೇ. 25, ಅಮೆರಿಕ ಖಂಡಿತ ಬರುತ್ತದೆ ಎಂದು ನಂಬಿದವರು ಶೇ. 75. ತಾನು ಅಳೆದುಕೊಳ್ಳುವಾಗ ಪೂರ್ತಿ, ಇತರರಿಗೆ ಅಳೆದು ಕೊಡುವಾಗ ಕಡಿತ! ಕುರ್‌ಆನಿನ ಅಲ್ ಮುತಫ್ಫಿಫೀನ್ ಅಧ್ಯಾಯ ಎಚ್ಚರಿಸಿದ್ದು ಇಂತಹ ಅಳತೆಯ ವಿರುದ್ಧವೇ. ಇದನ್ನು ಶಾಂತಿಪ್ರಿಯತೆ ಎಂದು ಕರೆಯಲು ನಮಗೆ ಸಾಧ್ಯವಿಲ್ಲ.

ಆದರೆ ಸಮೀಕ್ಷೆಯ ಪ್ರಶ್ನೆಯಲ್ಲೇ ಒಂದು ದೊಡ್ಡ ಕೊರತೆಯಿದೆ. ರಷ್ಯಾ ತನ್ನ ನೆರೆಯ ನ್ಯಾಟೋ ಸದಸ್ಯನೊಂದಿಗೆ ಗಂಭೀರ ಸಂಘರ್ಷಕ್ಕಿಳಿದರೆ ಎಂದಷ್ಟೇ ಅದು ಕೇಳುತ್ತದೆ. ದಾಳಿ ಆರಂಭಿಸಿದವರು ಯಾರು? ಮರ್ದಿತರು ಯಾರು? ಇದಾವುದೂ ಇಲ್ಲ. ಆದ್ದರಿಂದ ಹೇಡಿಯ 'ಬೇಡ' ಮತ್ತು ನ್ಯಾಯವಂತನ 'ಬೇಡ' ಒಂದೇ ಅಂಕಿಯಲ್ಲಿ ಬೆರೆತುಹೋಗಿವೆ.

ಇವೆರಡೂ ಒಂದಲ್ಲ ಎಂಬುದಕ್ಕೆ ತುರ್ಕಿ ಸಾಕ್ಷಿ. ಇರಾಕ್ ಯುದ್ಧಕ್ಕಾಗಿ ಅಮೆರಿಕದ ಸೇನೆಗೆ ತನ್ನ ನೆಲ ಬಿಟ್ಟುಕೊಡುವ ನಿರ್ಣಯ 2003ರ ಮಾರ್ಚ್ 1ರಂದು ಅಲ್ಲಿನ ಸಂಸತ್ತಿನ ಮುಂದೆ ಬಂತು. ಪರ 264, ವಿರುದ್ಧ 250, ತಟಸ್ಥ 19. ಹಾಜರಿದ್ದವರ ಬಹುಮತಕ್ಕೆ ಮೂರು ಮತ ಕಡಿಮೆಯಾಗಿ ನಿರ್ಣಯ ಬಿದ್ದುಹೋಯಿತು. ತುರ್ಕಿಯ ಜನತೆ ಆ ಯುದ್ಧವನ್ನು ಪ್ರಬಲವಾಗಿ ವಿರೋಧಿಸಿತ್ತು. ಅದು ಕರಾರಿನ ಉಲ್ಲಂಘನೆಯೇ? ಖಂಡಿತ ಅಲ್ಲ. ಇರಾಕ್ ಅಮೆರಿಕದ ಮೇಲೆ ದಾಳಿ ಮಾಡಿರಲಿಲ್ಲ. ಒಪ್ಪಂದ ರಕ್ಷಣೆಗೇ ಹೊರತು ಆಕ್ರಮಣಕ್ಕಲ್ಲ.

ಇಸ್ಲಾಮಿನ ನಿಲುವು ಇಲ್ಲಿ ಸ್ಪಷ್ಟವಾಗಿದೆ. ಅಲ್ ಮಾಇದ ಅಧ್ಯಾಯ ಕರಾರುಗಳನ್ನು ಪಾಲಿಸಬೇಕೆಂಬ ಆದೇಶದೊಂದಿಗೆ ಆರಂಭವಾಗುತ್ತದೆ; ಮರುಸೂಕ್ತದಲ್ಲೇ ಪಾಪ ಮತ್ತು ಅತಿಕ್ರಮದಲ್ಲಿ ಸಹಕರಿಸುವುದನ್ನು ನಿಷೇಧಿಸುತ್ತದೆ. ಹುದೈಬಿಯಾ ಒಪ್ಪಂದದ ಬಳಿಕ ಖುಝಾಅ ಗೋತ್ರ ಪ್ರವಾದಿ ಮುಹಮ್ಮದ್(ಸ)ರ ಮಿತ್ರಪಕ್ಷವಾಯಿತು. ಕುರೈಶರ ನೆರವಿನಿಂದ ಬನೂ ಬಕ್ರ್ ಗೋತ್ರ ಅವರ ಮೇಲೆರಗಿದಾಗ ಪ್ರವಾದಿ(ಸ) ಸುಮ್ಮನಿರಲಿಲ್ಲ. ಹಿಜರಿ 8ರಲ್ಲಿ ಮಕ್ಕಾದತ್ತ ಸೇನೆ ಹೊರಟದ್ದು ಇದೇ ಕಾರಣಕ್ಕೆ. ಅಲ್ಲಿ ಆಕ್ರಮಣಕಾರ ಯಾರು, ಮರ್ದಿತ ಯಾರು ಎಂಬುದರಲ್ಲಿ ಸಂದೇಹವಿರಲಿಲ್ಲ.

ಸಂದೇಹ ಅಳಿದರೆ ಜನಾಭಿಪ್ರಾಯವೂ ಬದಲಾಗುತ್ತದೆ. 2022ರಲ್ಲಿ ರಷ್ಯಾ ಉಕ್ರೇನಿನ ಮೇಲೆ ಆಕ್ರಮಣ ನಡೆಸಿದ ಬಳಿಕ, ದಶಕಗಳಿಂದ ಸೇನಾ ಕೂಟಗಳಿಂದ ದೂರವಿದ್ದ ಫಿನ್ಲೆಂಡಿನ ಬಹುಸಂಖ್ಯಾತರು ನ್ಯಾಟೋ ಪರ ನಿಂತರು. 2023ರಲ್ಲಿ ಅದು ಸದಸ್ಯನಾಯಿತು.

ಹಾಗೆಂದು ಯುರೋಪಿನತ್ತ ಮಾತ್ರ ಬೆರಳು ತೋರಿಸಿದರೆ ನಮ್ಮ ವಿಮರ್ಶೆ ಪೂರ್ಣವಾಗದು. ಅರಬ್ ರಾಷ್ಟ್ರಗಳ ನಡುವೆಯೂ 1950ರಿಂದ ಜಂಟಿ ರಕ್ಷಣಾ ಒಪ್ಪಂದವಿದೆ. 1990ರಲ್ಲಿ ಇರಾಕ್ ಕುವೈತನ್ನು ನುಂಗಿತು. 2003ರಲ್ಲಿ ಕುವೈತಿನ ನೆಲದಿಂದಲೇ ವಿದೇಶಿ ಸೇನೆ ಇರಾಕಿಗೆ ನುಗ್ಗಿತು. ಕರಾರು ಕಾಗದದಲ್ಲೇ ಉಳಿಯಿತು. ಆ ಬಗ್ಗೆ ಅರಬ್ ಜನತೆಯ ಅಭಿಪ್ರಾಯವೇನು ಎಂದು ಅವರ ಆಡಳಿತಗಾರರು ಎಂದಾದರೂ ಕೇಳಿದ್ದಾರೆಯೇ?